ಮಗು ಹುಟ್ಟಿತು, ತಾಯಿ ಹೇಗಿದ್ದಾಳೆ?

ಮಂಗಳೂರು ನಗರದ ಮಧ್ಯದಲ್ಲಿರುವ ಲೇಡಿಗೋಶನ್ ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ ನೀವು ಎಂದಾದರೂ ಕಾದು ನಿಂತಿದ್ದೀರಾ? ನಗರದ ಬೇರೆ ಯಾವುದೇ ಆಸ್ಪತ್ರೆಯಾದರೂ ಸರಿ, ಅಲ್ಲಿಯ ದೃಶ್ಯ ಹೆಚ್ಚು ಕಡಿಮೆ ಒಂದೇ. ಬಾಗಿಲು ತೆರೆಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ದಾದಿ ಹೊರಗೆ ಬರುತ್ತಾಳೆ. ಗಂಡೋ ಹೆಣ್ಣೋ, ತೂಕ ಎಷ್ಟು, ಬಣ್ಣ ಯಾರದು, ಮೂಗು ಯಾರದು ಎಂಬ ಪ್ರಶ್ನೆಗಳ ಸುರಿಮಳೆ. ಒಬ್ಬರು ಮಗುವಿನ ಕಿವಿಯಲ್ಲಿ ಅದಾನ್ ಹೇಳಲು ಮುಂದಾಗುತ್ತಾರೆ. ಇನ್ನೊಬ್ಬರು ದುಬೈಯಲ್ಲಿರುವ ತಂದೆಗೆ ಫೋನ್ ಮಾಡುತ್ತಾರೆ. ಮತ್ತೊಬ್ಬ ಹುಡುಗ ಹಂಪನಕಟ್ಟೆಗೆ ಸಿಹಿ ತರಲು ಓಡುತ್ತಾನೆ. ಎಲ್ಲವೂ ಸಂತೋಷದ ವಿಷಯವೇ. ಆದರೆ ಆ ಗುಂಪಿನಲ್ಲಿ 'ತಾಯಿ ಹೇಗಿದ್ದಾಳೆ?' ಎಂದು ಕೇಳಿದವರು ಎಷ್ಟು ಮಂದಿ?

ಮೂಲೆಯಲ್ಲಿ ಕುಳಿತಿದ್ದ ಅವಳ ಉಮ್ಮ ಒಬ್ಬರು ಕೇಳಿರಬಹುದು. ಉಳಿದವರ ಲೆಕ್ಕದಲ್ಲಿ ಹೆರಿಗೆ ಆಯಿತು, ಗಂಡಾಂತರ ಕಳೆಯಿತು. ಈ ಲೆಕ್ಕವೇ ತಪ್ಪು. ತಾಯಿಯ ಜೀವಕ್ಕೆ ಅತ್ಯಂತ ಅಪಾಯದ ಗಳಿಗೆಗಳಲ್ಲಿ ಮಗು ಹುಟ್ಟಿದ ನಂತರದ ಗಳಿಗೆಗಳೂ ಸೇರಿವೆ. ಮೊದಲ ಒಂದು ದಿನ, ಆಮೇಲಿನ ಒಂದು ವಾರ, ಅನಂತರ ನಲವತ್ತರ ಸ್ನಾನದವರೆಗಿನ ದಿನಗಳು - ಈ ಅವಧಿಯಲ್ಲಿ ಅವಳ ಮೇಲೆ ಯಾರ ಕಣ್ಣಿದೆ, ಅಪಾಯ ಕಂಡಾಗ ಮನೆಯವರು ಎಷ್ಟು ಬೇಗ ಎದ್ದು ಹೊರಡುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಈ ಪಾಠದಲ್ಲಿ ಅದನ್ನೇ ನೋಡೋಣ.

ಕುರ್‌ಆನ್ ಕಂಡ ತಾಯಿ

ಪವಿತ್ರ ಕುರ್‌ಆನ್ ತಾಯ್ತನವನ್ನು ಹೊಗಳುವಾಗ ಅದರ ಕಷ್ಟವನ್ನು ಮರೆಮಾಚುವುದಿಲ್ಲ. ತಾಯಿಯು ಮಗುವನ್ನು ಕಷ್ಟದಿಂದ ಹೊತ್ತು ಕಷ್ಟದಿಂದಲೇ ಹೆತ್ತಳೆಂದು ಸೂರಃ ಅಲ್ ಅಹ್‌ಕಾಫ್ (15) ನೆನಪಿಸುತ್ತದೆ. ಬಲಹೀನತೆಯ ಮೇಲೆ ಬಲಹೀನತೆಯನ್ನು ಸಹಿಸಿ ಹೊತ್ತಳೆಂದು ಸೂರಃ ಲುಕ್ಮಾನ್ (14) ಹೇಳುತ್ತದೆ. ಅವಳು ಬಲಹೀನಳೆಂದು ಅಲ್ಲಾಹನೇ ಸಾಕ್ಷಿ ನುಡಿದಿರುವಾಗ, 'ನಮ್ಮ ಕಾಲದಲ್ಲಿ ಹೆತ್ತ ಮೂರನೆಯ ದಿನವೇ ಬಾವಿಯಿಂದ ನೀರು ಸೇದುತ್ತಿದ್ದೆವು' ಎಂದು ಅವಳನ್ನು ಹಂಗಿಸಲು ನಾವು ಯಾರು?

ಮರ್ಯಮ್(ಅ) ಅವರ ಹೆರಿಗೆಯ ವೃತ್ತಾಂತವನ್ನು ಸೂರಃ ಮರ್ಯಮ್‌ನಲ್ಲಿ (23-26) ಓದಿ ನೋಡಿ. ಹೆರಿಗೆ ಬೇನೆ ಅವರನ್ನು ಖರ್ಜೂರದ ಮರದ ಬುಡಕ್ಕೆ ತಂದಿತು. ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂಬಷ್ಟು ಸಂಕಟ. ಆಗ ಅವರಿಗೆ ಸಿಕ್ಕಿದ ಮೊದಲ ಮಾತು ದುಃಖಿಸಬೇಡ ಎಂಬ ಸಾಂತ್ವನ. ಆಮೇಲೆ ಕಾಲ ಕೆಳಗೆ ಹರಿಯುವ ನೀರು, ಮರದಿಂದ ಉದುರುವ ತಾಜಾ ಖರ್ಜೂರ, ಮತ್ತು ತಿಂದು ಕುಡಿದು ಕಣ್ಣು ತಂಪು ಮಾಡಿಕೋ ಎಂಬ ಅಪ್ಪಣೆ. ಹೆರಿಗೆಯ ಹೊತ್ತಿನ ಹೆಣ್ಣಿಗೆ ಅಲ್ಲಾಹನು ಒದಗಿಸಿದ್ದು ನೀರು, ಆಹಾರ, ನೆಮ್ಮದಿ. ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದೊಡ್ಡದಾಗುತ್ತದೆಂದು ಬಾಯಾರಿಕೆಯಲ್ಲಿ ಮಲಗಿಸುತ್ತಾರೆ. ಇದು ಯಾರ ಮಾದರಿ?

ಮೊದಲ ಶತ್ರು: ರಕ್ತಸ್ರಾವ

ಮಗು ಹೊರಬಂದು ಮಾಸು ಬಿದ್ದಾಗ, ಅದು ಅಂಟಿಕೊಂಡಿದ್ದ ಜಾಗದಲ್ಲಿ ಗರ್ಭಕೋಶದ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ತುಂಬಿದ ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತಲೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಇದನ್ನು ತಡೆಯಲು ಅಲ್ಲಾಹನು ಇಟ್ಟ ವ್ಯವಸ್ಥೆ ಗರ್ಭಕೋಶದ ಸ್ನಾಯುಗಳಲ್ಲೇ ಇದೆ. ಅವು ಮುಷ್ಟಿಯಂತೆ ಬಿಗಿದು ನಾಳಗಳನ್ನು ಹಿಂಡಿ ಮುಚ್ಚುತ್ತವೆ. ಸ್ನಾಯು ಸಡಿಲವಾಗಿಯೇ ಉಳಿದರೆ, ಮಾಸಿನ ತುಂಡು ಒಳಗೆ ಉಳಿದರೆ, ಅಥವಾ ಎಲ್ಲಾದರೂ ಹರಿದ ಗಾಯವಿದ್ದರೆ ರಕ್ತ ನಿಲ್ಲುವುದಿಲ್ಲ. ಆರೋಗ್ಯವಂತ ಹೆಣ್ಣುಮಗಳೂ ಒಂದೆರಡು ಗಂಟೆಗಳಲ್ಲಿ ಕೈತಪ್ಪಿ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನಂತೆ ಜಗತ್ತಿನಲ್ಲಿ ಹೀಗೆ ರಕ್ತಸ್ರಾವದಿಂದಲೇ ವರ್ಷಕ್ಕೆ ಸುಮಾರು 70,000 ತಾಯಂದಿರು ಸಾಯುತ್ತಿದ್ದರು.

ಇದನ್ನು ತಡೆಯುವ ದಾರಿ ಇದೆ. ಮಗು ಹುಟ್ಟಿದೊಡನೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ಇಂದು ಎಲ್ಲ ಆಸ್ಪತ್ರೆಗಳಲ್ಲೂ ರೂಢಿ. ಮಗುವನ್ನು ಬೇಗ ಎದೆಗೆ ಹಚ್ಚಿದರೆ ತಾಯಿಯ ದೇಹವೇ ಆ ರಸವನ್ನು ಸ್ರವಿಸಿ ಗರ್ಭಕೋಶವನ್ನು ಬಿಗಿಗೊಳಿಸುತ್ತದೆ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಬಿಗಿಯಲಾರದು. ಆದುದರಿಂದ ಹೆರಿಗೆಯಾದ ಕೆಲವು ಗಂಟೆಗಳೊಳಗೆ ಅವಳಿಗೆ ಮೂತ್ರವಾಯಿತೇ ಎಂದು ಕೇಳುವುದು ಸಣ್ಣ ಮಾತಲ್ಲ.

ರಕ್ತ ಎಷ್ಟು ಹೋಯಿತೆಂದು ಬರೀ ಕಣ್ಣಳತೆಯಲ್ಲಿ ನೋಡಿದರೆ ವೈದ್ಯರೂ ತಪ್ಪು ಮಾಡುತ್ತಾರೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತವನ್ನು ಅಳೆದರು. ಮಿತಿ ಮೀರಿದ ಕೂಡಲೇ ಉಜ್ಜುವಿಕೆ, ಔಷಧ, ಡ್ರಿಪ್ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಸುಮಾರು 60 ಶೇಕಡಾ ಕಡಿಮೆಯಾದವು. ಅಲ್ಲಿ ಬಳಸಿದ ಔಷಧಗಳು ಹೊಸತಲ್ಲ. ಸರಿಯಾಗಿ ನೋಡಿ, ತಡಮಾಡದೆ ಕೈಹಾಕಿದ್ದೇ ಹೊಸತು.

ನಿಫಾಸ್ ಮತ್ತು ರೋಗದ ರಕ್ತ

ಇಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ಮುಖ್ಯ ಮಾತಿದೆ. ಹೆರಿಗೆಯ ನಂತರ ಸ್ವಲ್ಪ ಸ್ವಲ್ಪವಾಗಿ ಹೋಗುವ ರಕ್ತಕ್ಕೆ ನಿಫಾಸ್ ಎನ್ನುತ್ತೇವೆ. ಆ ಅವಧಿಯಲ್ಲಿ ನಮಾಝ್ ಇಲ್ಲ, ಅದನ್ನು ಮತ್ತೆ ತೀರಿಸಬೇಕಾಗಿಯೂ ಇಲ್ಲ. ಉಪವಾಸವಿಲ್ಲ, ಆದರೆ ಅದನ್ನು ಅನಂತರ ಹಿಡಿದು ಪೂರೈಸಬೇಕು. ಶಾಫಿಈ ಮದ್‌ಹಬ್‌ನಲ್ಲಿ ಇದರ ಗರಿಷ್ಠ ಅವಧಿ 60 ದಿನ, ಸಾಮಾನ್ಯವಾಗಿ 40 ದಿನ. ಹನಫಿ ಮದ್‌ಹಬ್‌ನಲ್ಲಿ ಗರಿಷ್ಠ 40 ದಿನ. ಅದಕ್ಕೆ ಮೊದಲೇ ನಿಂತರೆ ಸ್ನಾನ ಮಾಡಿ ನಮಾಝ್ ಆರಂಭಿಸಬೇಕು.

ಈ ನಿಯಮಗಳೆಲ್ಲ ನಮ್ಮ ಹಿರಿಯ ಸ್ತ್ರೀಯರಿಗೆ ಗೊತ್ತು. ಆದರೆ ಇದರಿಂದ ಒಂದು ತಪ್ಪು ಭಾವನೆಯೂ ಬೆಳೆದಿದೆ: 'ಬಾಣಂತಿಗೆ ರಕ್ತ ಹೋಗುವುದು ಇದ್ದದ್ದೇ.' ಹಾಗಲ್ಲ. ಫಾತಿಮಾ ಬಿಂತ್ ಅಬೀ ಹುಬೈಶ್(ರ) ಅವರು ತನಗೆ ರಕ್ತ ನಿಲ್ಲುವುದೇ ಇಲ್ಲವೆಂದು ಪ್ರವಾದಿವರ್ಯರ(ಸ) ಬಳಿ ಬಂದು ಹೇಳಿದಾಗ, ಅದು ಮುಟ್ಟಿನ ರಕ್ತವಲ್ಲ, ಒಂದು ನಾಳದಿಂದ ಬರುವುದೆಂದು ಅವರು ಬೇರ್ಪಡಿಸಿ ತಿಳಿಸಿದರೆಂದು ಬುಖಾರಿಯಲ್ಲಿದೆ. ಅಂದರೆ ರಕ್ತ ರಕ್ತಕ್ಕೂ ವ್ಯತ್ಯಾಸವಿದೆಯೆಂದು ದೀನ್ ನಮಗೆ ಮೊದಲೇ ಕಲಿಸಿದೆ. ನಮಾಝಿನ ವಿಷಯದಲ್ಲಿ ಆ ವ್ಯತ್ಯಾಸವನ್ನು ಇಷ್ಟು ಎಚ್ಚರದಿಂದ ನೋಡುವ ನಾವು ಜೀವದ ವಿಷಯದಲ್ಲಿ ಏಕೆ ನೋಡುವುದಿಲ್ಲ?

ನೆನಪಿಡಿ: ಒಂದು ದಪ್ಪ ಪ್ಯಾಡ್ ಒಂದೇ ಗಂಟೆಯೊಳಗೆ ಪೂರ್ತಿ ತೊಯ್ದರೆ, ನಿಂಬೆಹಣ್ಣಿನಷ್ಟು ದೊಡ್ಡ ರಕ್ತದ ಗಡ್ಡೆಗಳು ಬಿದ್ದರೆ, ಕಡಿಮೆಯಾಗಿದ್ದ ರಕ್ತ ಮತ್ತೆ ಧಾರೆಯಾಗಿ ಹರಿದರೆ, ಅದರೊಂದಿಗೆ ತಲೆಸುತ್ತು, ತಣ್ಣನೆಯ ಬೆವರು, ಎದೆಬಡಿತ ಇದ್ದರೆ ಅದು ಕೂಡಲೇ ಚಿಕಿತ್ಸೆ ಬೇಕಾದ ಅಪಾಯ. ನಿಫಾಸ್ ಎಂದು ಸುಮ್ಮನಿರಬೇಡಿ.

ಇತರ ಮೂರು ಶತ್ರುಗಳು

ಎರಡನೆಯದು ರಕ್ತದೊತ್ತಡ. ಗರ್ಭಿಣಿಯಾಗಿದ್ದಾಗ ಒತ್ತಡ ಹೆಚ್ಚಿದ್ದವಳಿಗೆ ಹೆರಿಗೆಯಾದೊಡನೆ ಎಲ್ಲವೂ ಸರಿಯಾಗುತ್ತದೆಂದು ತಿಳಿಯಬಾರದು. ಹೆರಿಗೆಯ ಮೂರರಿಂದ ಆರನೆಯ ದಿನದೊಳಗೆ ಅದು ಮತ್ತೆ ಏರುವುದುಂಟು. ಅಂದರೆ ಬಹಳ ಮಂದಿ ಮನೆಗೆ ಬಂದ ಮೇಲೆ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇದರ ಲಕ್ಷಣಗಳು. ಅನಂತರ ಫಿಟ್ಸ್ ಬರಬಹುದು. ಫಿಟ್ಸ್ ಬಂದವಳನ್ನು 'ಗಾಳಿ ಸೋಕಿದೆ' ಎಂದು ಮನೆಯಲ್ಲಿ ಉಳಿಸಿಕೊಂಡು ಊದಿಸುತ್ತಾ ಕೂರುವುದು ಅವಳ ಜೀವದೊಂದಿಗೆ ಆಡುವ ಆಟ. ಇದಕ್ಕೆ ಆಸ್ಪತ್ರೆಯಲ್ಲಿ ಪರಿಣಾಮಕಾರಿಯಾದ ಚುಚ್ಚುಮದ್ದು ಇದೆ.

ಮೂರನೆಯದು ನಂಜು. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ 1847ರ ಏಪ್ರಿಲ್ ತಿಂಗಳಲ್ಲಿ ಹೆತ್ತ ನೂರು ತಾಯಂದಿರಲ್ಲಿ ಸುಮಾರು 18 ಮಂದಿ ಬಾಣಂತಿ ಜ್ವರದಿಂದ ಸಾಯುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಪರೀಕ್ಷಿಸಬೇಕೆಂದು ಕಡ್ಡಾಯಗೊಳಿಸಿದರು. ಜೂನ್ ಹೊತ್ತಿಗೆ ಆ ಸಂಖ್ಯೆ ಎರಡರ ಆಸುಪಾಸಿಗೆ ಇಳಿಯಿತು. ಶುದ್ಧಿಯನ್ನು ಈಮಾನಿನ ಅರ್ಧವೆಂದು ಕಲಿತವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಾಣಂತಿಯ ಬಟ್ಟೆ, ಹೊಲಿಗೆಯ ಗಾಯ, ಅವಳನ್ನು ಮುಟ್ಟುವವರ ಕೈ ಸ್ವಚ್ಛವಾಗಿರಲಿ. 100.4 ಡಿಗ್ರಿಗಿಂತ ಹೆಚ್ಚಿನ ಜ್ವರ, ನಡುಕ, ದುರ್ವಾಸನೆಯ ಸ್ರಾವ, ಕೆಂಪಾದ ಅಥವಾ ಕೀವು ಬಂದ ಹೊಲಿಗೆ ಕಂಡರೆ ಕಷಾಯದಲ್ಲಿ ಕಾಲ ಕಳೆಯಬೇಡಿ. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಿರಬಹುದು. ಬಾಣಂತಿಯನ್ನು ದಿನವಿಡೀ ಅಲುಗಾಡದಂತೆ ಮಲಗಿಸಬಾರದು ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ನಾಲ್ಕನೆಯದು ಕಣ್ಣಿಗೆ ಕಾಣದ ಕಾಯಿಲೆ, ಮನಸ್ಸಿನದು. ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದು ಎರಡು ವಾರಗಳೊಳಗೆ ತಾನಾಗಿ ಹೋಗಬೇಕು. ಹೋಗದೆ ಬೇಸರ ಗಟ್ಟಿಯಾದರೆ, ಮಗು ಬೇಡವೆನಿಸಿದರೆ, ನಿದ್ದೆಯೇ ಬಾರದಿದ್ದರೆ ಅದು ಖಿನ್ನತೆ. ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ಸಂಶಯ, ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಮಾತು - ಇದನ್ನು ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದರು. ಇದು ತುರ್ತು ಚಿಕಿತ್ಸೆ ಬೇಕಾದ ರೋಗ. ಅವಳನ್ನು ಒಂಟಿಯಾಗಿ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟು ಚಿಕಿತ್ಸೆ ನೀಡುವ ವಿಭಾಗವೇ ಇದೆ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದುಆ ಮಾಡಿ, ಕುರ್‌ಆನ್ ಓದಿ. ಜೊತೆಗೆ ವೈದ್ಯರ ಬಳಿಗೂ ಹೋಗಿ. ಔಷಧವಿಲ್ಲದ ಯಾವ ರೋಗವನ್ನೂ ಅಲ್ಲಾಹನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರಲ್ಲವೇ? ಅಳುವ ಬಾಣಂತಿಗೆ ಈಮಾನ್ ಕಡಿಮೆಯೆಂದು ತೀರ್ಪು ಕೊಡುವವರು ಮರ್ಯಮ್(ಅ) ಅವರ ಸಂಕಟದ ಮಾತನ್ನು ಇನ್ನೊಮ್ಮೆ ಓದಲಿ.

ಹೆರಿಗೆಗೆ ಮೊದಲೇ ಬಿತ್ತಿದ್ದು

ಬಾಣಂತಿಯ ಆರೋಗ್ಯ ಬಾಣಂತನದಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಗರ್ಭಿಣಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ. ತುಂಬಿದ ಕೊಡದಿಂದ ಒಂದು ಚೊಂಬು ಚೆಲ್ಲಿದರೆ ತಡೆಯಬಹುದು. ಅರೆಕೊಡದಿಂದ ಅಷ್ಟೇ ಚೆಲ್ಲಿದರೆ? ದಿನವಿಡೀ ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟುವ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ನಮ್ಮ ಸಹೋದರಿಯರ ಬಗ್ಗೆ ಯೋಚಿಸಿ. ಕಬ್ಬಿಣಾಂಶದ ಮಾತ್ರೆಯನ್ನು ಗರ್ಭಿಣಿಯಾಗಿದ್ದಾಗ ಮಾತ್ರವಲ್ಲ, ಹೆರಿಗೆಯ ನಂತರವೂ ಆರು ತಿಂಗಳು ನುಂಗಬೇಕು. ಚಹಾದೊಂದಿಗೆ ನುಂಗಿದರೆ ಅದರ ಫಲ ಕುಗ್ಗುತ್ತದೆ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿ ಮಗುವಿನದು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕು. ಮುಂದಿನ ಮಗುವಿನ ಜೀವ ಅದರಲ್ಲಿದೆ.

ಹೆರಿಗೆ ಹೆರಿಗೆಯ ನಡುವಿನ ಅಂತರವೂ ಮುಖ್ಯ. ಒಂದು ಹೆರಿಗೆಯಾಗಿ ಕನಿಷ್ಠ ಎರಡು ವರ್ಷ ಕಳೆದ ಮೇಲೆ ಇನ್ನೊಂದು ಗರ್ಭ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಪೂರ್ಣ ಎರಡು ವರ್ಷಗಳ ಹಾಲೂಡಿಕೆಯನ್ನು ಸೂರಃ ಅಲ್ ಬಕರಃ (233) ಹೇಳಿದೆ. ಅದೇ ಸೂಕ್ತದಲ್ಲಿ, ಹಾಲೂಡುವ ತಾಯಿಯ ಊಟ-ಉಡುಪಿನ ಹೊಣೆ ತಂದೆಯದೆಂದೂ, ಮಗುವಿನ ಕಾರಣಕ್ಕಾಗಿ ತಾಯಿಗೆ ತೊಂದರೆಯಾಗಬಾರದೆಂದೂ ಇದೆ. ಬಾಣಂತನದ ಖರ್ಚು ತವರಿನವರದೇ ಎಂದು ಕೈತೊಳೆದುಕೊಳ್ಳುವ ಗಂಡಂದಿರು ಈ ಸೂಕ್ತವನ್ನು ನಿಧಾನವಾಗಿ ಓದಬೇಕು.

ಮೂರು ವಿಳಂಬಗಳು

ತಾಯಂದಿರ ಮರಣಗಳನ್ನು ಅಧ್ಯಯನ ಮಾಡಿದವರು 1994ರಲ್ಲಿ ಒಂದು ಸರಳ ಮಾತು ಹೇಳಿದರು. ಹೋಗೋಣವೆಂದು ತೀರ್ಮಾನಿಸುವಲ್ಲಿ ವಿಳಂಬ, ತಲುಪುವಲ್ಲಿ ವಿಳಂಬ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ವಿಳಂಬ - ಈ ಮೂರೇ ಸಾವಿಗೆ ದಾರಿ.

ಮೂರನೆಯದರ ಹೊಣೆ ಆಸ್ಪತ್ರೆಗಳದು, ಸರಕಾರದ್ದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ತೀರಿಹೋದಾಗ, ಅವರಿಗೆ ಕೊಟ್ಟ ಡ್ರಿಪ್ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯವಿಡೀ ಪ್ರಶ್ನೆ ಎದ್ದಿತು. ಅಂಥ ಪ್ರಶ್ನೆ ಕೇಳುವುದು ನಾಗರಿಕರ ಕರ್ತವ್ಯವೇ. ಎರಡನೆಯದು ದಾರಿಯದು. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣ ತಲಪಾಡಿಯ ಗಡಿ ಮುಚ್ಚಿದಾಗ, ಕಾಸರಗೋಡು ಕಡೆಯಿಂದ ಮಂಗಳೂರಿಗೆ ಹೊರಟಿದ್ದ ಗರ್ಭಿಣಿಯೊಬ್ಬರು ದಾಟಲಾಗದೆ ಹಿಂತಿರುಗುವಾಗ ಆಂಬುಲೆನ್ಸ್‌ನಲ್ಲೇ ಹೆತ್ತರು. ಅಂಥ ತಡೆ ಎಂದೋ ಒಮ್ಮೆ ಬರುತ್ತದೆ. ಉಳಿದ ದಿನಗಳಲ್ಲಿ 108 ಇದೆ, ನೆರೆಮನೆಯ ಆಟೋ ಇದೆ.

ಆದರೆ ಮೊದಲನೆಯ ವಿಳಂಬ? ಅದು ಪೂರ್ತಿ ನಮ್ಮ ಮನೆಯೊಳಗಿನದು. 'ಅವಳ ಗಂಡ ಡ್ಯೂಟಿಯಲ್ಲಿದ್ದಾನೆ, ರಾತ್ರಿ ಫೋನ್ ಮಾಡಿದಾಗ ಕೇಳೋಣ', 'ಬೆಳಗಾಗಲಿ', 'ಈಗ ಹೋದರೆ ಗಂಡಸು ಡಾಕ್ಟರ್ ಇದ್ದರೆ?' ಎನ್ನುತ್ತಾ ಗಂಟೆಗಳು ಉರುಳುತ್ತವೆ. ನಿಮ್ಮ ಹಜಾರದಲ್ಲೂ ಈ ಮಾತುಗಳು ಕೇಳಿಬಂದಿಲ್ಲವೇ? ವೈದ್ಯೆ ಸಿಕ್ಕಿದರೆ ಬಹಳ ಒಳ್ಳೆಯದು. ಸಿಗದಿದ್ದಾಗ ಜೀವ ಉಳಿಸುವ ಅನಿವಾರ್ಯತೆಯಲ್ಲಿ ವೈದ್ಯನ ಚಿಕಿತ್ಸೆಗೆ ಉಲಮಾಗಳು ಅನುಮತಿ ನೀಡಿದ್ದಾರೆ. ಒಂದು ಜೀವವನ್ನು ಉಳಿಸಿದವನು ಮಾನವಕುಲವನ್ನೇ ಉಳಿಸಿದಂತೆ ಎಂಬ ಸೂರಃ ಅಲ್ ಮಾಇದಃದ (32) ತತ್ವ ನಮ್ಮ ಮುಂದಿರುವಾಗ ನಾಚಿಕೆಯ ಹೆಸರಿನಲ್ಲಿ ಬಾಗಿಲು ಮುಚ್ಚುವಂತಿಲ್ಲ.

ಅಸ್ಮಾ ಬಿಂತ್ ಉಮೈಸ್(ರ) ಅವರು ಹಜ್ಜಿನ ದಾರಿಯಲ್ಲಿ ದುಲ್ ಹುಲೈಫಾದಲ್ಲಿ ಹೆತ್ತಾಗ ಏನು ಮಾಡಬೇಕೆಂದು ಪ್ರವಾದಿವರ್ಯರ(ಸ) ಬಳಿಗೆ ಜನ ಕಳುಹಿಸಿ ಕೇಳಿದರು. ಸ್ನಾನ ಮಾಡಿ, ಬಟ್ಟೆ ಕಟ್ಟಿಕೊಂಡು ಇಹ್ರಾಮ್ ಕಟ್ಟಲು ಅವರಿಗೆ ಉತ್ತರ ಸಿಕ್ಕಿತೆಂದು ಮುಸ್ಲಿಮ್‌ನಲ್ಲಿದೆ. ಕೇಳಿದ್ದಕ್ಕೆ ಯಾರೂ ಅವರನ್ನು ಜರೆಯಲಿಲ್ಲ. ಬಾಣಂತಿ ತನ್ನ ದೇಹದ ಸ್ಥಿತಿಯನ್ನು ಬಾಯಿಬಿಟ್ಟು ಹೇಳುವುದು ಲಜ್ಜೆಗೇಡಿತನವಲ್ಲ. ಹೇಳಿದರೆ ಕೇಳುವವರಿದ್ದಾರೆ ಎಂಬ ಧೈರ್ಯವನ್ನು ಅವಳಿಗೆ ಕೊಡುವವರು ಅತ್ತೆ, ನಾದಿನಿ, ಗಂಡ.

ನಮ್ಮ ಬಾಣಂತನದಲ್ಲಿ ಉಳಿಯಬೇಕಾದ್ದು, ಹೋಗಬೇಕಾದ್ದು

ಹಿರಿಯರ ಪದ್ಧತಿಯೆಲ್ಲ ತಪ್ಪೆಂದು ತಿಳಿಯಬೇಡಿ. ನಲವತ್ತು ದಿನಗಳ ವಿಶ್ರಾಂತಿ, ತವರಿನ ಆರೈಕೆ, ಮೆಂತೆ ಗಂಜಿ, ಓಲೆಬೆಲ್ಲ, ಎಣ್ಣೆಯ ಹಿತವಾದ ತಿಕ್ಕು, ಬಿಸಿನೀರಿನ ಸ್ನಾನ ಇವು ಅಮೂಲ್ಯ. ಹೋಗಬೇಕಾದದ್ದು ಬೇರೆ. ನೀರು ಮತ್ತು ತರಕಾರಿಯ ಪಥ್ಯ, ಗಾಳಿಯಿಲ್ಲದ ಕೋಣೆಯಲ್ಲಿ ಕೆಂಡದ ಹೊಗೆ, ಸಿಸೇರಿಯನ್ ಹೊಲಿಗೆಯ ಮೇಲೆ ಕುದಿನೀರು ಎರಚುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಮಗು ನೋಡಲು ಬಂದವರ ಚಹಾಕ್ಕೆ ಬಾಣಂತಿಯನ್ನೇ ಎಬ್ಬಿಸುವುದು. ಬೂತಾಯಿ, ಬಂಗುಡೆಯಂಥ ಮೀನು, ಮೊಟ್ಟೆ, ಸೊಪ್ಪು, ಬೇಳೆ ಅವಳ ತಟ್ಟೆಯಲ್ಲಿರಲಿ.

ಅವಸರದಲ್ಲಿ ಆಸ್ಪತ್ರೆಯಿಂದ ಕರೆತರಬೇಡಿ. ಸಹಜ ಹೆರಿಗೆಯಾದರೂ ಕನಿಷ್ಠ 24 ಗಂಟೆ ಅಲ್ಲಿರಬೇಕೆಂದೂ, ಅನಂತರ 48ರಿಂದ 72 ಗಂಟೆಯೊಳಗೆ, ಎರಡನೆಯ ವಾರದ ಹೊತ್ತಿಗೆ ಮತ್ತು ಆರನೆಯ ವಾರದಲ್ಲಿ ತಾಯಿಯನ್ನು ಪರೀಕ್ಷಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನದವರೆಗೆ ಊಟ, ಔಷಧ, ರಕ್ತ ಉಚಿತವೆಂದು 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಯೋಜನೆ ಹೇಳುತ್ತದೆ. ಆಶಾ ಕಾರ್ಯಕರ್ತೆ 42ನೆಯ ದಿನದವರೆಗೆ ಹಲವು ಸಲ ಮನೆಗೆ ಬರುತ್ತಾಳೆ. ಅವಳನ್ನು ಅಂಗಳದಿಂದಲೇ ಕಳುಹಿಸದೆ ಒಳಗೆ ಕರೆಯಿರಿ. ಅವಳ 42 ದಿನವೂ ನಮ್ಮ ನಲವತ್ತೂ ಎಷ್ಟು ಹತ್ತಿರ ನೋಡಿ!

ಪ್ರಯತ್ನಕ್ಕೆ ಫಲವಿದೆ. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಹೆರಿಗೆಯಲ್ಲಿ ಸಾಯುವ ಸ್ತ್ರೀಗೆ ಹುತಾತ್ಮಳ ಪದವಿಯಿದೆಯೆಂದು ಹದೀಸ್‌ನಲ್ಲಿ ಬಂದಿದೆ. ಅದು ಅವಳಿಗೆ ಅಲ್ಲಾಹನ ಗೌರವ. ನಮ್ಮ ಅಲಕ್ಷ್ಯಕ್ಕೆ ಅದು ಕ್ಷಮಾಪತ್ರವಲ್ಲ.

ಆದುದರಿಂದ ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಹೆರಿಗೆಯ ದಿನ ಹತ್ತಿರವಾಗಿದ್ದರೆ ಇಂದೇ ಒಟ್ಟಿಗೆ ಕುಳಿತು ಮಾತಾಡಿ. ರಾತ್ರಿ ಎರಡು ಗಂಟೆಗೆ ಯಾರ ವಾಹನ, ಯಾವ ಆಸ್ಪತ್ರೆ, ರಕ್ತ ಕೊಡಲು ಯಾರಿಬ್ಬರು ಸಿದ್ಧ ಎಂದು ಬರೆದಿಡಿ. ಗಲ್ಫ್‌ನಲ್ಲಿರುವ ಗಂಡನು, 'ನನ್ನನ್ನು ಕೇಳಲು ಕಾಯಬೇಡಿ, ಮೊದಲು ಕರೆದೊಯ್ಯಿರಿ' ಎಂದು ಈಗಲೇ ಹೇಳಿಬಿಡಲಿ. ಮಗುವಿನ ಕಿವಿಯಲ್ಲಿ ಅದಾನ್ ಹೇಳಿದ ಮೇಲೆ ಒಂದು ಹೆಜ್ಜೆ ಮುಂದೆ ಹೋಗಿ, ಹಾಸಿಗೆಯಲ್ಲಿರುವ ಅವಳ ಮುಖ ನೋಡಿ, 'ಹೇಗಿದ್ದೀಯಮ್ಮಾ?' ಎಂದು ಕೇಳಿ. ಅವಳ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.

ನಮ್ಮ ತಾಯಂದಿರಿಗೂ ಮಕ್ಕಳಿಗೂ ಅಲ್ಲಾಹನು ಆಫಿಯತ್ ಕರುಣಿಸಲಿ. ಆಮೀನ್.